ಆಯುಧ ಪೂಜೆಗೆ ಭಾವ ತಂದ ಪಿಸ್ತೂಲು

ಸ್ನೇಹಿತರೇ, ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನಿಮಗೂ ಒಬ್ಬ ಭಾವ ಇದ್ದರೆ, ಹಬ್ಬಕ್ಕೆ ಕರೆಯುವ ಮುನ್ನ ಸೊಂಟದಲ್ಲಿ ಏನಿದೆ ಎಂದು ಕೇಳಿಕೊಳ್ಳಿ.

ಇವತ್ತು ಬೆಳಿಗ್ಗೆ ನ್ಯೂಜೆರ್ಸಿಯ ಎಡಿಸನ್‌ನ ನಮ್ಮ ಮನೆಯಲ್ಲಿ ಆಯುಧ ಪೂಜೆ. ಲ್ಯಾಪ್‌ಟಾಪ್, ಸ್ಕ್ರೂಡ್ರೈವರ್, ಈಳಿಗೆಮಣೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಿದ್ದೆ. ಪೆನ್ಸಿಲ್ವೇನಿಯಾದಿಂದ ಹಬ್ಬಕ್ಕೆ ಬಂದಿದ್ದ ಹೆಂಡತಿಯ ಅಣ್ಣ ಶರ್ಟು ಮೇಲೆತ್ತಿ, ಪಿಸ್ತೂಲು ತೆಗೆದು ಈಳಿಗೆಮಣೆಯ ಪಕ್ಕದಲ್ಲಿಟ್ಟರು.

“ಇದಕ್ಕೂ ಒಂದು ಬೊಟ್ಟಿಡಿ. ಇಲ್ಲಿರೋ ನಿಜವಾದ ಆಯುಧ ಇದೊಂದೇ.”

“ಭಾವ, ನಿಮ್ಮ ಪೆನ್ಸಿಲ್ವೇನಿಯಾ ಗನ್ ಪರ್ಮಿಟ್ ನ್ಯೂಜೆರ್ಸಿಲಿ ನಡೆಯಲ್ಲ.”

“ಡ್ರೈವಿಂಗ್ ಲೈಸೆನ್ಸ್ ನಡೆಯತ್ತಲ್ಲ?”

“ಅದು ನಡೆಯತ್ತೆ, ಇದು ನಡೆಯಲ್ಲ. ಗಡಿಯ ಸೇತುವೆ ದಾಟಿ ಈ ರಾಜ್ಯಕ್ಕೆ ಬಂದ ಕ್ಷಣದಿಂದ ಇದು ಜೈಲಿಗೆ ಹೋಗೋ ಕೇಸು. ಮುಂದಿನ ತಿಂಗಳು ನಿಮ್ಮ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ, ನೆನಪಿದೆಯಾ?”

ಭಾವನ ಮುಖ ಇಳಿಯಿತು. ಗುಂಡು ತೆಗೆದು, ಪಿಸ್ತೂಲನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ಈಗಲೇ ವಾಪಸ್ ಹೊರಡಿ ಎಂದೆ. ಅಷ್ಟರಲ್ಲಿ ಹೆಂಡತಿ ಪಿಸ್ತೂಲಿಗೆ ಕುಂಕುಮ ಇಟ್ಟು ಹೂವನ್ನೂ ಏರಿಸಿಬಿಟ್ಟಿದ್ದಳು.

“ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಎತ್ತಬಾರದು ಕಣ್ರೀ” ಎಂದಳು.

ಅಣ್ಣ ಜೈಲಿಗೆ ಹೋದರೂ ಸರಿ, ಶಾಸ್ತ್ರ ತಪ್ಪಬಾರದು.

ಜಗಳವಾಡಿ ಎತ್ತಿಸಿದೆ. ಭಾವ ಹೋಳಿಗೆ ತಿನ್ನದೆ ಹೊರಟರು. ಸೇತುವೆ ದಾಟಿದೆ ಎಂದು ಫೋನ್ ಬರುವವರೆಗೆ ನನಗೂ ಊಟ ಸೇರಲಿಲ್ಲ.

ಆಯುಧ ಪೂಜೆಯ ದಿನ ಆಯುಧಗಳಿಗೆ ವಿಶ್ರಾಂತಿ ಕೊಡಬೇಕಂತೆ. ಲ್ಯಾಪ್‌ಟಾಪ್, ಸ್ಕ್ರೂಡ್ರೈವರ್, ಈಳಿಗೆಮಣೆ ಇನ್ನೂ ದೇವರ ಮುಂದೆ ಸುಮ್ಮನೆ ಕೂತಿವೆ. ಇವತ್ತು ಎರಡು ರಾಜ್ಯ ಸುತ್ತಿ ಬಂದದ್ದು, ಭಾವನ ಮನೆಯಿಂದ ಕದಲಲೇಬಾರದಿದ್ದ ಆ ಪಿಸ್ತೂಲೊಂದೇ.