ಚೊಂಬಿನ ನೀರು ಚೆಲ್ಲದ ಹೊಳೆ

ನಮ್ಮ ಅತ್ತಿಗೆ ಕಾವೇರಿ ದಡದವರು. ಮದುವೆಯಾಗಿ ಮಧುಗಿರಿ ಸೀಮೆಗೆ ಬಂದ ಮೊದಲ ಬೇಸಿಗೆಯಲ್ಲಿ, ಅಣ್ಣ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಜಯಮಂಗಲಿ ಹೊಳೆ ತೋರಿಸಲು ಹೋದ. ಹಿಂದೆ ನಾನೂ ಕೂತಿದ್ದೆ. ಹೊಳೆಯ ನಡುಮಧ್ಯೆ ಅಣ್ಣ ಎತ್ತುಗಳನ್ನು ನಿಲ್ಲಿಸಿದ. ಅತ್ತಿಗೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಹೊಳೆ ಇನ್ನೂ ಎಷ್ಟು ದೂರ ಐತೆ?" ಎಂದರು.

ಅಣ್ಣ ಗಾಡಿ ತಿರುಗಿಸಿದ. ಮನೆಯ ಜಗಲಿ ಹತ್ತಿದ ಮೇಲೆ ಸಿಡಿದ. "ಮಳೆಗಾಲ ಬರ್ಲಿ ಬುಡು. ನಮ್ಮ ಸೀಮೆ ಹೊಳೇಲೇ ಮೂರು ದಿನ ನೀರಿನ ಮೇಲೆ ಕರ್ಕೊಂಡು ಹೋಗ್ತೀನಿ."

"ಆಗ್ದೆ ಹೋದ್ರೆ?"

"ನೀನು ಹೇಳ್ದಂಗೆ."

"ದೀಪಾವಳಿಗೆ ನಮ್ಮೂರಿಗೆ ಬಂದು, ನಮ್ಮಣ್ಣಂದಿರ ಎದುರಿಗೆ ಕಾವೇರಿ ಈಜಿ ಆಚೆ ದಡ ಮುಟ್ಟಬೇಕು. ಒಪ್ಪಿದ್ರಾ?"

ಅಣ್ಣ ಒಪ್ಪಿದ. ಅವನಿಗೆ ಈಜು ಬರುತ್ತಿರಲಿಲ್ಲ. ಊರ ಹುಡುಗರೆಲ್ಲ ತೋಟದ ಬಾವಿಗೆ ಧುಮುಕುತ್ತಿದ್ದ ಕಾಲದಲ್ಲಿ ಅವನು ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದ. ಪಕ್ಕದಲ್ಲಿ ನಾನು ಕೂತು ಅವನಿಗೆ ನೆರವಾಗುತ್ತಿದ್ದೆ.

ಆದ್ದರಿಂದ ಹೊಳೆಯನ್ನು ಆರಿಸುವುದು ಹುಡುಗಾಟದ ಕೆಲಸವಾಗಿರಲಿಲ್ಲ. ಕಲ್ಲು ಇರಬಾರದು, ಇಳಿಜಾರು ಇರಬಾರದು, ನೀರು ತಟ್ಟೆಯಲ್ಲಿ ನಿಂತಂತೆ ನಿಂತು ಮೆಲ್ಲಗೆ ಸಾಗಬೇಕು. ಸಿರಾ ಕಡೆ ದೊಡ್ಡ ಕೆರೆಗಳಿದ್ದವು. ಅತ್ತಿಗೆ, "ಕೆರೆ ಬ್ಯಾಡ. ಸುತ್ತಿ ಸುತ್ತಿ ಅದೇ ಏರಿ ನೋಡೋಕೆ ಗಾಣದ ಎತ್ತಾ ನಾನು?" ಎಂದು ತಳ್ಳಿಹಾಕಿದರು.

ಬೇಸಿಗೆ ಮುಗಿಯುವುದರೊಳಗೆ ಅಣ್ಣ ಪರೀಕ್ಷೆ ಶುರುಮಾಡಿದ. ಅವನ ಕ್ರಮ ಹೀಗಿತ್ತು: ಹಿತ್ತಾಳೆ ಚೊಂಬಿಗೆ ಕಂಠದ ತನಕ ನೀರು ತುಂಬಿ ಗಾಡಿಯ ಹಲಗೆಯ ಮೇಲೆ ಇಡುವುದು, ಒಣಗಿದ ಹೊಳೆಯೊಳಗೆ ಗಾಡಿ ಹೊಡೆಯುವುದು, ಎಲ್ಲೆಲ್ಲಿ ಎಷ್ಟು ಚೆಲ್ಲಿತು ಎಂದು ನಾನು ನೋಡುತ್ತಿರುವುದು. ಚೊಂಬು ಅಲುಗದ ಹೊಳೆಯೇ ಸಮನಾದ ಹೊಳೆ. ನಮಗಿಬ್ಬರಿಗೂ ಇದರಲ್ಲಿ ಎಳ್ಳಷ್ಟು ಅನುಮಾನ ಇರಲಿಲ್ಲ.

ಕೊರಟಗೆರೆಯ ಸುವರ್ಣಮುಖಿಯಲ್ಲಿ ಒಂದು ಕೂಗಳತೆ ಹೋಗುವಷ್ಟರಲ್ಲಿ ಚೊಂಬು ಅರ್ಧವಾಯಿತು. ಬಂಡೆಯೊಂದಕ್ಕೆ ಚಕ್ರ ಹತ್ತಿ ಇಳಿದಾಗ ಉಳಿದರ್ಧ ನನ್ನ ತೊಡೆಯ ಮೇಲಾಯಿತು. ಅದನ್ನು ಬಿಟ್ಟೆವು.

ಪಾವಗಡದಾಚೆ ನಾಗಲಮಡಿಕೆಯ ಹತ್ತಿರ ಉತ್ತರ ಪಿನಾಕಿನಿ ನೋಡಲು ಎರಡು ದಿನ ಗಾಡಿ ಹೊಡೆದೆವು. ಅಗಲವಾದ, ಚೆಂದದ ಹೊಳೆ. ಗಾಡಿಯ ಚಕ್ರ ಮರಳಿನಲ್ಲಿ ಅಚ್ಚಿನ ತನಕ ಹೂತುಹೋಯಿತು. ಕುರಿ ಕಾಯುತ್ತಿದ್ದ ಒಬ್ಬ ಮುದುಕ ಬಂದು ಚೊಂಬನ್ನು ನೋಡಿ ಕೈಮುಗಿದು, ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ.

"ಯಾವ ದೇವುಡಿಗಪ್ಪಾ ಈ ನೀಳ್ಳು?"

ಅಣ್ಣ ವಿಷಯ ಹೇಳಿದ. ಮುದುಕ ಕೋಲಿನ ಮೇಲೆ ಗದ್ದ ಊರಿದ.

"ಈ ಏರು ತುಂಬಿ ಬಂದ್ರೆ ಮರಾನೇ ಕಿತ್ಕೊಂಡು ಹೋಗ್ತದಿ. ಹೋದ್ಮೇಲೆ ಕುರಿ ಕುಡಿಯೋಕೂ ನೀಳ್ಳು ಲೇದು. ನಡುವೆ ಒಂದ್ ದಿನ ಸುಮ್ನಿರ್ತದಿ ನೋಡು, ಆ ದಿನ ಯಾವ್ದೂ ಅಂತ ನಂಗೂ ತಿಳೀದಪ್ಪಾ."

ಅವನ ಮಾತನ್ನು ನಾನು ಗಮನಿಸಬೇಕಿತ್ತು. ಆಗ ನಾವು ಚಕ್ರ ಎತ್ತುವ ಗಡಿಬಿಡಿಯಲ್ಲಿದ್ದೆವು.

ಕೊನೆಗೆ ಗೆದ್ದದ್ದು ನಮ್ಮ ಜಯಮಂಗಲಿಯೇ. ಹೊಳವನಹಳ್ಳಿಯ ಕೆಳಗಿನಿಂದ ಪುರವರದ ಕಡೆಗೆ ಗಾಡಿ ಹೋದಷ್ಟು ದೂರವೂ ಚೊಂಬಿನಿಂದ ಚೆಲ್ಲಿದ್ದು ನಾಲ್ಕು ಹನಿ. ಅದರಲ್ಲೂ ಎರಡು, ಎತ್ತು ಸೀನಿದ್ದರಿಂದ.

ಆಶ್ವಯುಜದಲ್ಲಿ ಹೊಳೆ ಬಂತು. ಮೊದಲ ಎರಡು ದಿನ ಕೆಮ್ಮಣ್ಣಿನ ನೀರು ದಡ ಮುಟ್ಟಿ ಮೊರೆಯಿತು. ಮೂರನೆಯ ದಿನ ಬೆಳಿಗ್ಗೆ ಇಳಿದು, ಎದೆಮಟ್ಟದ ನೀರು ತಣ್ಣಗೆ ಹರಿಯುತ್ತಿತ್ತು. "ಈಗ!" ಎಂದ ಅಣ್ಣ. ನಮ್ಮ ಕಡೆ ದೋಣಿ ಎಲ್ಲಿಂದ ಬರಬೇಕು? ತುಂಬಿದ ಕೆರೆ ದಾಟಲು ಎಲ್ಲರೂ ಇಳಿಸುವುದು ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ. ಆಲೆಮನೆಯಿಂದ ಒಂದನ್ನು ಕೇಳಿ ತಂದು, ಮೂರು ದಿನಕ್ಕೆ ರೊಟ್ಟಿ, ಚಟ್ನಿಪುಡಿ, ಒಂದು ದೊಡ್ಡ ಸೋರೆಬುರುಡೆಯಲ್ಲಿ ಮಜ್ಜಿಗೆ ಇಟ್ಟುಕೊಂಡು ಮೂವರೂ ಕೂತೆವು. ಅಣ್ಣನ ಕೈಯಲ್ಲಿ ಬಿದಿರಿನ ಗಳ.

ಮುಂದಿನದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಮೊದಲ ತಿರುವಿನ ತನಕ ಎಲ್ಲ ಸರಿಯಾಗಿತ್ತು. ತಿರುವಿನಲ್ಲಿ ಅಣ್ಣ ಗಳ ಊರಿದ, ಗಳ ಮರಳಲ್ಲಿ ನಿಂತಿತು, ನಾವು ಮುಂದೆ ಹೋದೆವು, ಗಳ ಅಲ್ಲೇ ಉಳಿಯಿತು. ದುಂಡನೆಯ ಕೊಪ್ಪರಿಗೆ ಬುಗುರಿಯಂತೆ ಸುತ್ತತೊಡಗಿತು. ಹನ್ನೊಂದು ಸುತ್ತು ಎಣಿಸಿದೆ, ಆಮೇಲೆ ಎಣಿಸಲಾಗಲಿಲ್ಲ. ಅಣ್ಣನೂ ನಾನೂ ಒಂದೇ ಬದಿಯ ಹಿಡಿಬಳೆ ಹಿಡಿದಿದ್ದೆವು. ಆ ಬದಿ ವಾಲಿತು. ತಣ್ಣನೆಯ ನೀರು ನನ್ನ ತೊಡೆಯ ತನಕ ಬಂದು ರೊಟ್ಟಿಯ ಗಂಟನ್ನು ತೇಲಿಸಿತು.

"ಇಬ್ರೂ ಒಂದೇ ಕಡೆ ಯಾಕ್ರಪ್ಪಾ ತಬ್ಕೊಂಡಿದ್ದೀರಿ? ನಡೂಕೆ ಬನ್ನಿ!" ಅತ್ತಿಗೆ ಎದುರು ಅಂಚಿನ ಮೇಲೆ ಭಾರ ಹಾಕಿ ಕೂತು, ಕೈಯಿಂದಲೇ ನೀರು ತಳ್ಳಿ ಕೊಪ್ಪರಿಗೆಯನ್ನು ನಿಲ್ಲಿಸಿದರು. ಅವರ ತುಟಿಯಲ್ಲಿ ನಗು ಇತ್ತು.

ಆ ಸಂಜೆ ಹೊಂಗೆ ತೋಪಿನ ಬಳಿ ದಡಕ್ಕೆ ಹತ್ತಿದೆವು. ಬೆಳಿಗ್ಗೆ ನೋಡಿದರೆ ಕೊಪ್ಪರಿಗೆ ಮರಳಿನ ಮೇಲೆ ಕೂತಿತ್ತು. ನೀರು ಹೊಳೆಯ ಅಗಲಕ್ಕೂ ಪಾದ ಮುಳುಗುವಷ್ಟು ತೆಳ್ಳಗೆ ಹರಡಿ, ಮರಳೊಳಗೆ ಇಂಗುತ್ತಿತ್ತು. ಅಷ್ಟು ಸಮನಾದ ಹೊಳೆಯಲ್ಲಿ ನೀರು ನಿಲ್ಲಲು ತಗ್ಗಾದರೂ ಎಲ್ಲಿತ್ತು? ದಡದ ಬಂಡೆಯ ಬುಡದಲ್ಲೊಂದು ಮಡು ಮಾತ್ರ ಉಳಿದಿತ್ತು.

ಅಣ್ಣ ಕೊಪ್ಪರಿಗೆಯ ಅಂಚಿನ ಮೇಲೆ ಕೂತು ಗದ್ದಕ್ಕೆ ಕೈ ಕೊಟ್ಟ. "ಸೋತೆ ಕಣೇ."

"ದೀಪಾವಳಿಗೆ ಎಷ್ಟು ದಿನ ಐತೆ?"

"ಇಪ್ಪತ್ತು."

ಅತ್ತಿಗೆ ಸೋರೆಬುರುಡೆಯ ಮಜ್ಜಿಗೆಯನ್ನು ನಮಗಿಬ್ಬರಿಗೂ ಕುಡಿಸಿ ಬರಿದು ಮಾಡಿದರು. ಬಾಯಿಗೆ ಬಿರಡೆ ಬಡಿದು, ತೇಲಲೆಂದು ಅಣ್ಣನ ಬೆನ್ನಿಗೆ ಕಟ್ಟಿದರು. ಸೆರಗು ಸೊಂಟಕ್ಕೆ ಬಿಗಿದು ನನ್ನ ಕಡೆ ತಿರುಗಿದರು. "ನೀನು ದಡದ ಮೇಲೆ ಕೂತ್ಕೊಳಪ್ಪ. ಯಾರಾದ್ರೂ ಬಂದ್ರೆ ಕೆಮ್ಮು."

ರೊಟ್ಟಿ ಇರುವ ತನಕ, ಅಂದರೆ ಎರಡು ದಿನ, ಮಡುವಿನಿಂದ ಕೇಳಿಬಂದದ್ದು ಒಂದೇ ಸಂಭಾಷಣೆ.

"ಬುಡ್ಬೇಡ, ಬುಡ್ಬೇಡ ಕಣೇ!"

"ಆಗ್ಲೇ ಬುಟ್ಟಾಯ್ತು, ಕಾಲಾಡ್ಸಿ."

ಮನೆಗೆ ಬಂದ ಮೇಲೂ ದಿನಾ ಬೆಳಿಗ್ಗೆ ತೋಟದ ಬಾವಿಯಲ್ಲಿ ಅದೇ ನಡೆಯಿತು. ನನಗೆ ಕೆಮ್ಮೆಂದು ಅವ್ವ ಕಷಾಯ ಕೊಟ್ಟಳು.

ದೀಪಾವಳಿಯ ಮಧ್ಯಾಹ್ನ ಅತ್ತಿಗೆಯ ಮೂವರು ಅಣ್ಣಂದಿರು ಕಾವೇರಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. "ಬಾವ, ಹರಿಗೋಲು ಜೊತೇಲಿ ಬರ್ಲಾ?" ಎಂದು ಒಬ್ಬ ಕೆಣಕಿದ. ಅಣ್ಣ ಪಂಚೆ ಬಿಗಿದು ನೀರಿಗಿಳಿದ. ಅವನ ತಲೆ ಮುಳುಗಿದಾಗಲೆಲ್ಲ ಅತ್ತಿಗೆ ನನ್ನ ತೋಳು ಹಿಡಿದರು. ಆರು ಸಲ ಹಿಡಿದರು, ಮೂರು ಕಡೆ ಉಗುರಿನ ಗುರುತಾಯಿತು. ಎಮ್ಮೆಯೊಂದು ಅವನನ್ನು ಹಿಂದೆ ಹಾಕಿ ಆಚೆ ದಡ ಹತ್ತಿ ಮೇಯತೊಡಗಿತು. ಬಹಳ ಹೊತ್ತಿನ ಮೇಲೆ ಅವನೂ ದಡ ಮುಟ್ಟಿ, ನಾಲ್ಕು ಕಾಲಲ್ಲಿ ಮೇಲೆ ಹತ್ತಿ, ಎದ್ದು ನಿಂತ.

ಮೂವರೂ ಎದ್ದು ಕೂಗಿದರು. "ಬನ್ನಿ ಬಾವ, ಊಟ ಆರೋಗ್ತದೆ!"

"ಮುಟ್ಟಬೇಕು ಅಂತ ತಾನೇ ಮಾತು?" ಎಂದು ಅಲ್ಲಿಂದಲೇ ಕೂಗಿದ ಅಣ್ಣ. ನೀರಿಗೆ ಬೆನ್ನು ತಿರುಗಿಸಿ, ಒದ್ದೆ ಪಂಚೆಯಲ್ಲೇ ಸೇತುವೆಯ ದಾರಿ ಹಿಡಿದ. ಸೇತುವೆ ಎರಡು ಮೈಲಿ ಕೆಳಗಿತ್ತು. ಅತ್ತಿಗೆ ನನ್ನ ತೋಳು ಬಿಟ್ಟು, ಒಣ ಪಂಚೆ ತೆಗೆದುಕೊಂಡು ಈಚೆ ದಡದಲ್ಲಿ ಅದೇ ಕಡೆಗೆ ಓಡಿದರು.