ಮೆಟ್ಟಿಲ ಪ್ರಿಂಟರಿನ ವಾರಸುದಾರ

ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಎಲ್ಲರೂ ವಾರಸುದಾರ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಅದು ಸಂಬಳದ ಚೀಟಿಯ ಮೇಲೆ ಮಾತ್ರ ಜೀವ ಹಿಡಿದುಕೊಂಡಿತ್ತು. ಅಡ್ಡಹೆಸರೇನೂ ಸುಮ್ಮನೆ ಬಂದದ್ದಲ್ಲ. ಕಂಪ್ಯೂಟರ್, ಸ್ಕ್ಯಾನರ್, ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕೂತ ವೈಫೈ ಡಬ್ಬಿ, ಹೀಗೆ ಕಚೇರಿಯಲ್ಲಿ ಬಾಲದಂತೆ ತಂತಿ ಇರುವ ಪ್ರತಿಯೊಂದಕ್ಕೂ ಒಬ್ಬ ಮನುಷ್ಯನನ್ನು ಗಂಟು ಹಾಕುವುದೇ ಅವನ ಉದ್ಯೋಗ. ಸ್ಟಿಕ್ಕರಿನ ಸುರುಳಿ ಕೈಯಲ್ಲಿ ಹಿಡಿದು, "ಇದಕ್ಕೆ ವಾರಸುದಾರರು ಯಾರು?" ಎಂದು ಕೇಳುತ್ತ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದ. ಅವನು ಬರುವುದು ಕಂಡರೆ ಜನ ಶೌಚಾಲಯದ ದಾರಿ ಹಿಡಿಯುತ್ತಿದ್ದರು.

ಒಂದೊಂದು ಸ್ಟಿಕ್ಕರಿನ ಮೇಲೂ ಮೂರು ಸಾಲು. ಒಡೆಯ, ಪಾಲಕ, ಬಳಕೆದಾರ. ಹೊಸದಾಗಿ ಸೇರಿದವರಿಗೆ ಅವನು ಇದನ್ನು ಬಿಡಿಸಿ ಹೇಳುವ ರೀತಿಯೇ ಬೇರೆ. "ನೋಡಿ, ಒಡೆಯ ಅಂದ್ರೆ ಮೇಲಿನವರು ಕೇಳಿದಾಗ ಉತ್ತರ ಕೊಡೋರು. ಪಾಲಕ ಅಂದ್ರೆ ದಿನಾ ಧೂಳು ಒರೆಸಿ ನೋಡ್ಕೊಳ್ಳೋರು. ಬಳಕೆದಾರ ಅಂದ್ರೆ ಕೆಡಿಸೋರು." ಇವರಲ್ಲದೆ ಕಂಪ್ಯೂಟರಿನ ಪರದೆಯ ಮೇಲೆ ದುರಸ್ತಿ ತಂಡ ಎಂಬ ನಾಲ್ಕನೆಯ ಸಾಲೂ ಇತ್ತು. ತಂಡ ಎಂದರೆ ಅವನು ಮತ್ತು ಅವನ ಸ್ಕ್ರೂಡ್ರೈವರ್.

ಬಳಕೆದಾರರಾಗಲು ಜನ ತಾ ಮುಂದು ನಾ ಮುಂದು ಎಂದು ಬರುತ್ತಿದ್ದರು. ಒಡೆಯ ಎಂದ ಕೂಡಲೇ ಎಲ್ಲರ ಕೈಯೂ ಬೆನ್ನ ಹಿಂದೆ. ಅದಕ್ಕೆ ಕಾರಣವಿತ್ತು. ಆ ಕಚೇರಿಯಲ್ಲಿ ಒಂದು ಯಂತ್ರ ಕೆಟ್ಟರೆ ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. "ಯಾರ ಹೆಸರಲ್ಲಿದೆ?" ಎಂದು ಕೇಳುತ್ತಿದ್ದರು. ಹೆಸರು ಸಿಕ್ಕಿತೋ, ಎಲ್ಲರೂ ಸಮಾಧಾನವಾಗಿ ಚಹಾಕ್ಕೆ ಹೋಗುತ್ತಿದ್ದರು. ಯಂತ್ರ ಕೆಟ್ಟೇ ಇರುತ್ತಿತ್ತು.

ಈಗ ಮೆಟ್ಟಿಲ ಪ್ರಿಂಟರಿನ ಸಂಗತಿ. ಕಚೇರಿಗೆ ಎರಡು ಮಹಡಿ. ಕೆಳಗೆ ಬಿಲ್ ವಿಭಾಗ, ಮೇಲೆ ದೂರು ವಿಭಾಗ. ಬಿಲ್ ನೋಡಿ ಹೊಟ್ಟೆ ಉರಿದವರು ನೆಟ್ಟಗೆ ಮೆಟ್ಟಿಲು ಹತ್ತಿ ದೂರು ಕೊಡಲು ಅನುಕೂಲವಾಗಲೆಂದೇ ಹಾಗೆ ಕಟ್ಟಿದ್ದಾರೆ ಅನ್ನಬೇಕು. ಎರಡು ವಿಭಾಗಕ್ಕೂ ಸೇರಿ ಒಂದೇ ದೊಡ್ಡ ಪ್ರಿಂಟರ್ ಬಂದಾಗ, ಜಗಳ ಬೇಡವೆಂದು ಅದನ್ನು ಮೆಟ್ಟಿಲು ತಿರುಗುವ ನಡುಗಟ್ಟೆಯ ಮೇಲೆ ಇಟ್ಟರು. ಅದು ಮೊದಲು ಗೊರ ಗೊರ ಕೆಮ್ಮಿ, ಎಡಗೆನ್ನೆಗೆ ಒಂದು ಏಟು ತಿಂದು, ಆಮೇಲೆ ಮುದ್ರಿಸುತ್ತಿತ್ತು. ಎರಡೂ ಕಡೆಯ ಕಾಗದ ಒಂದೇ ತಟ್ಟೆಗೆ ಬೀಳುತ್ತಿದ್ದರಿಂದ ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರಿಗೆ ಬಿಲ್ಲಿನ ಬದಲು ಅವರು ಕೊಟ್ಟ ದೂರೇ, ಕೊನೆಯ ದಿನಾಂಕದ ಮುದ್ರೆ ಒತ್ತಿಸಿಕೊಂಡು, ಮನೆಗೆ ವಾಪಸು ಹೋಗಿತ್ತು. ಪಾಪ, ಅವರು ಹೆದರಿ ಅದನ್ನು ಕಟ್ಟಲು ಸರದಿಯಲ್ಲಿ ನಿಂತಿದ್ದರು.

ಆ ಪ್ರಿಂಟರ್ ಯಾರದು ಎಂದು ಕೇಳಿದರೆ ಕೆಳಗಿನವರು ಮೇಲಕ್ಕೆ ಬೆರಳು ತೋರಿಸುತ್ತಿದ್ದರು, ಮೇಲಿನವರು ಕೆಳಕ್ಕೆ. ಒಡೆಯನ ಜಾಗ ಖಾಲಿ ಬಿಟ್ಟರೆ ಪರದೆ ಮುಂದಕ್ಕೆ ಹೋಗಲೊಲ್ಲದು. ವರ್ಷಗಳ ಹಿಂದೆ ಒಂದು ಸಂಜೆ, ಮನೆಗೆ ಹೋಗುವ ಅವಸರದಲ್ಲಿ ವಾರಸುದಾರ ಅಲ್ಲಿ ತನ್ನದೇ ಹೆಸರು ತುಂಬಿಬಿಟ್ಟ, ಸದ್ಯಕ್ಕೆ ಇರಲಿ ಅಂತ. ಸರ್ಕಾರಿ ಕಟ್ಟಡದೊಳಗೆ ಸದ್ಯಕ್ಕೆ ಎಂದರೆ ಎಷ್ಟು ಕಾಲ ಎಂಬುದು ತಿಳಿಯದ ವಯಸ್ಸು ಅದು.

ಮನೆ ಎಂದೆನಲ್ಲ, ಆ ಊರಿನಲ್ಲಿ ಅವನದ್ದು ಒಂಟಿ ಕೋಣೆ. ನಿಜವಾದ ಮನೆ ಅರ್ಧ ದಿನದ ಬಸ್ಸಿನ ದಾರಿಯಾಚೆ, ಹೆಂಡತಿ ಶಾಲೆಯಲ್ಲಿ ಕಲಿಸುವ ಊರಿನಲ್ಲಿತ್ತು. ಅವಳಿಗೆ ಇಲ್ಲಿಗೆ ವರ್ಗವಿಲ್ಲ, ಇವನಿಗೆ ಅಲ್ಲಿ ಜಾಗವಿಲ್ಲ. ತಿಂಗಳಿಗೊಮ್ಮೆ ನೆಂಟನ ಹಾಗೆ ಹೋಗಿ ಬರುತ್ತಿದ್ದ. ಮಗಳು ಹಲ್ಲು ಬೀಳುವ ವಯಸ್ಸಿನಿಂದ ಹೈಸ್ಕೂಲಿಗೆ ಬಂದದ್ದನ್ನು ಅವನು ಕಂತಿನಲ್ಲಿ ನೋಡಿದ್ದ. ಸ್ಟಿಕ್ಕರಿನ ಕೆಲಸ ಹೊಸದಾಗಿ ಸಿಕ್ಕಾಗ ಹುರುಪಿನಲ್ಲಿ ಒಂದು ಸುರುಳಿ ಮನೆಗೂ ಒಯ್ದು ಒಲೆ, ಬಕೆಟ್ಟು, ಇಸ್ತ್ರಿಪೆಟ್ಟಿಗೆ, ಒಂದನ್ನೂ ಬಿಡದೆ ಅಂಟಿಸಿದ್ದ. ಕಿಟಕಿ ಪಕ್ಕದ ಕುರ್ಚಿಗೆ ಒಡೆಯನೆಂದು ತನ್ನ ಹೆಸರು ಬರೆದು, ಪಾಲಕರ ಸಾಲಿಗೆ ಹೆಂಡತಿಯ ಸಹಿ ಕೇಳಿದ.

"ತಿಂಗಳಿಗೊಂದು ದಿನ ಕೂತು ಹೋಗೋರ ಕುರ್ಚಿನ ಮಿಕ್ಕ ದಿನವೆಲ್ಲ ನಾನು ನೋಡ್ಕೋಬೇಕಾ? ಸಹಿ ಗಿಹಿ ಇಲ್ಲ, ಹೋಗ್ರೀ," ಎಂದು ಅವಳು ಅವನ ಎದುರೇ ಒಲೆಯ ಸ್ಟಿಕ್ಕರನ್ನು ಪರಪರ ಕಿತ್ತಳು. ಮುಂದಿನ ತಿಂಗಳು ಹೋದಾಗ ಬಕೆಟ್ಟಿನದೂ ಇರಲಿಲ್ಲ, ಇಸ್ತ್ರಿಪೆಟ್ಟಿಗೆಯದೂ ಇರಲಿಲ್ಲ. ಅವನು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಈ ವರ್ಷ ಕೊನೆಗೂ ಅವಳ ಊರಿನ ಶಾಖೆಯಲ್ಲಿ ಜಾಗ ಖಾಲಿಯಾಗಿ, ವರ್ಗದ ಆದೇಶ ಬಂತು. ಸೋಮವಾರ ಬೆಳಿಗ್ಗೆ ಅಲ್ಲಿ ಹಾಜರಾಗಬೇಕು, ತಪ್ಪಿದರೆ ಜಾಗ ಬೇರೆಯವರಿಗೆ. ಹಿಂದೊಮ್ಮೆ ಹೀಗೇ ಬಂದ ಆದೇಶ ಕಚೇರಿಯವರು ತಡಮಾಡಿದ್ದಕ್ಕೆ ಕೈತಪ್ಪಿ ಹೋಗಿತ್ತು. ಅವನು ಸಿಹಿ ಹಂಚದೆ, ಉಸಿರೂ ಬಿಡದೆ ಸಾಹೇಬರ ಮುಂದೆ ನಿಂತ.

"ನಂದೇನೂ ಅಡ್ಡಿ ಇಲ್ಲಪ್ಪ," ಎಂದರು ಸಾಹೇಬರು. "ಆದ್ರೆ ನಿನ್ನ ಹೆಸರಲ್ಲಿ ಒಂದು ಮೌಸ್ ಇದ್ರೂ ಬಿಡುಗಡೆ ಪತ್ರಕ್ಕೆ ಸಹಿ ಹಾಕೋ ಹಾಗಿಲ್ಲ. ಈ ನಿಯಮ ತಂದೋನೇ ನೀನು."

ಅದು ನಿಜವೇ ಆಗಿತ್ತು. ವಾರದ ಮೊದಲರ್ಧದಲ್ಲಿ ಅವನು ತನ್ನ ಕಂಪ್ಯೂಟರು, ತಂತಿಗಳ ಗಂಟು, ಸ್ಕ್ರೂಡ್ರೈವರ್ ಎಲ್ಲವನ್ನೂ ಪಕ್ಕದ ಮೇಜಿನವನಿಗೆ ದಾಟಿಸಿದ. ಉಳಿದದ್ದು ಒಂದೇ, ಮೆಟ್ಟಿಲ ಪ್ರಿಂಟರ್. ಸುಮ್ಮನೆ ಇನ್ನೊಬ್ಬರ ಹೆಸರು ಬರೆದರೆ ಆಗುವುದಿಲ್ಲ. ಅವರು ತಮ್ಮ ಪರದೆಯಲ್ಲಿ 'ಒಪ್ಪಿದೆ' ಎಂಬ ಹಸಿರು ಗುಂಡಿ ಒತ್ತಬೇಕು. ಅದೂ ಅವನೇ ತಂದ ನಿಯಮ.

ಬಿಲ್ ವಿಭಾಗದ ಮುಖ್ಯಸ್ಥರು ದಪ್ಪನೆಯ ಆಸಾಮಿ, ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತಿತ್ತು. ಅವರು ಅವನ ಮಾತನ್ನು ಪೂರ್ತಿ ಕೇಳಿ, "ಅಯ್ಯೋ, ನಿಮಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ. ಪ್ರಿಂಟರ್ ಮಾತ್ರ ಕೇಳಬೇಡಿ," ಎಂದರು.

ಮೇಲೆ ದೂರಿನ ಮೇಡಂ. ಊರಿನವರ ಗೋಳು ಕೇಳಿ ಕೇಳಿ ಯಾರು ಏನು ಹೇಳಿದರೂ ತಲೆಯಾಡಿಸಿ ಸಂಖ್ಯೆ ಕೊಟ್ಟು ಕಳಿಸುವುದು ಅವರಿಗೆ ಅಭ್ಯಾಸವಾಗಿತ್ತು. "ನಿಮ್ಮ ಕಷ್ಟ ಅರ್ಥ ಆಗುತ್ತೆ," ಎಂದು ಹೇಳಿ ಅವನಿಗೂ ಒಂದು ದೂರಿನ ಸಂಖ್ಯೆ ಕೊಟ್ಟರು. "ಪರಿಶೀಲನೆ ಆದ್ಮೇಲೆ ತಿಳಿಸ್ತೀವಿ."

ಸೋತು ಸುಣ್ಣವಾಗಿ ಅವನು ಸಾಹೇಬರನ್ನೇ ಕೇಳಿದ. ಅವರು ಕನ್ನಡಕ ತೆಗೆದು, "ನಾನು ಇಡೀ ಕಚೇರಿಗೇ ಒಡೆಯ. ಒಂದು ಪ್ರಿಂಟರಿಗೆ ಆಗೋದು ಚೆನ್ನಾಗಿರಲ್ಲ," ಎಂದರು. ಶುಕ್ರವಾರ ಫೋನಿನಲ್ಲಿ ಹೆಂಡತಿ, "ಹೊರಡ್ತೀರಾ?" ಎಂದಷ್ಟೇ ಕೇಳಿದಳು. ಅವನು ಪ್ರಿಂಟರಿನ ಕತೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಸರಿ, ಮನೆ ಗುಡಿಸಿಟ್ಟಿರ್ತೀನಿ. ಬಂದ್ರೆ ಬನ್ನಿ," ಎಂದಳು. ಆ 'ಬಂದ್ರೆ' ಎಂಬ ಮಾತು ರಾತ್ರಿಯಿಡೀ ಅವನ ಕಿವಿಯಲ್ಲಿತ್ತು.

ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ಅವನಿಗೆ ಹೊಳೆಯಿತು. ಲ್ಯಾಪ್‌ಟಾಪ್ ಇದ್ದವರು ವರ್ಗವಾದಾಗ ಲ್ಯಾಪ್‌ಟಾಪ್ ಸಮೇತವೇ ಹೋಗುತ್ತಾರೆ. ಹೆಸರಿದ್ದವನ ಜೊತೆ ಯಂತ್ರವೂ ಹೋಗಬಹುದು ಎಂದು ನಿಯಮದಲ್ಲಿದೆ. ಯಂತ್ರ ಎಷ್ಟು ದಪ್ಪಗಿರಬೇಕು ಎಂದು ಎಲ್ಲೂ ಬರೆದಿಲ್ಲ. ಬಾಯಿ ತೊಳೆದನೋ ಇಲ್ಲವೋ, ಓಡಿ ಹೋಗಿ ಸಾಹೇಬರಿಗೆ ಹೇಳಿದ. ಈ ರಗಳೆ ಒಮ್ಮೆ ತೊಲಗಿದರೆ ಸಾಕಾಗಿದ್ದ ಸಾಹೇಬರು, "ತಗೊಂಡು ಹೋಗು ಮಹಾರಾಯ," ಎಂದು, 'ಪ್ರಿಂಟರ್ ಸಮೇತ ಬಿಡುಗಡೆ ಮಾಡಲಾಗಿದೆ' ಎಂಬ ಪತ್ರವನ್ನು ತಾವೇ ಕುಟ್ಟಿ ಮುದ್ರಣಕ್ಕೆ ಕಳಿಸಿದರು.

ಪತ್ರ ಬರಬೇಕಾದದ್ದೂ ಅದೇ ಪ್ರಿಂಟರಿನಿಂದ. ಅದು ಎಂದಿನಂತೆ ಕೆಮ್ಮಿತು. ಅವನು ಎಡಗೆನ್ನೆಗೆ ಮೆಲ್ಲಗೆ ಒಂದು ಕೊಟ್ಟ. ಪತ್ರ ಬಿಸಿಬಿಸಿಯಾಗಿ ಹೊರಗೆ ಬಿತ್ತು. ಸಹಿಯೊಂದೇ ಬಾಕಿ. ಅವನು ತಂತಿಯನ್ನು ಗೋಡೆಯಿಂದ ಕಿತ್ತ.

ಮರುಗಳಿಗೆಯೇ ಕೆಳಗಿನಿಂದ ಬಿಲ್ ಮುಖ್ಯಸ್ಥರು, ಮೇಲಿನಿಂದ ದೂರಿನ ಮೇಡಂ, ಇಬ್ಬರೂ ನಡುಗಟ್ಟೆಗೆ ಬಂದರು.

"ಇದನ್ನ ಎಲ್ಲಿಗೆ ಒಯ್ತಿದೀರಿ? ನಮ್ಮ ಬಿಲ್ಲೆಲ್ಲ ಅರ್ಧಕ್ಕೆ ನಿಂತಿದೆ," ಎಂದರು ಬಿಲ್ ಮುಖ್ಯಸ್ಥರು.

"ನಮ್ಮ ಪ್ರಿಂಟರಲ್ಲಿ ನಿಮ್ಮ ಬಿಲ್ ಯಾಕೆ ಬರುತ್ತೆ?" ಎಂದರು ಮೇಡಂ.

"ನಿಮ್ಮದು ಯಾವಾಗಿಂದ ಆಯ್ತು, ಮೇಡಂ? ಕರೆಂಟು ನಮ್ಮ ಮಹಡೀದು."

"ಮುಖ ನಮ್ಮ ಕಡೆ ಇದೆ. ನಿಮ್ಮ ಕಡೆ ಇರೋದು ಬೆನ್ನು."

ಬಿಲ್ ಮುಖ್ಯಸ್ಥರು ಮೊಬೈಲು ತೆಗೆದು ಈಗಲೇ ಹಸಿರು ಗುಂಡಿ ಒತ್ತುತ್ತೇನೆ ಎಂದರು. ಮೇಡಂ ತಾವೂ ಒತ್ತುತ್ತೇನೆ ಎಂದರು. ಒಡೆಯನ ಸಾಲಿನಲ್ಲಿ ಹಿಡಿಸುವುದು ಒಂದೇ ಹೆಸರು. ಗದ್ದಲ ಕೇಳಿ ಅಲ್ಲಿಗೆ ಬಂದ ಸಾಹೇಬರು, ಎರಡು ಕಡೆಯೂ ನೋಡಿ ಗಡ್ಡ ಕೆರೆದುಕೊಂಡರು. "ಇದು ಹೀಗೆ ಬಗೆಹರಿಯಲ್ಲ. ಸೋಮವಾರ ಮೀಟಿಂಗ್ ಮಾಡಿ ತೀರ್ಮಾನ ಮಾಡೋಣ."

ಸೋಮವಾರ ವಾರಸುದಾರ ಹಾಜರಾಗಬೇಕಾದದ್ದು ಹೆಂಡತಿಯ ಊರಿನಲ್ಲಿ. ಯಾರಿಗೂ ಬೇಡವಾಗಿದ್ದಾಗ ಇದು ಅವನನ್ನು ಹಿಡಿದಿಟ್ಟಿತ್ತು. ಈಗ ಎಲ್ಲರಿಗೂ ಬೇಕಾಗಿ ಹಿಡಿದಿಡುತ್ತಿದೆ. ಬಸ್ಸು ಹನ್ನೆರಡಕ್ಕೆ. ಅವನು ತನ್ನ ಇಡೀ ಸೇವೆಯಲ್ಲಿ ದನಿ ಏರಿಸಿದವನಲ್ಲ. ಆ ದಿನವೂ ಏರಿಸಲಿಲ್ಲ, ಪ್ರಿಂಟರಿನ ಮೇಲೆ ಕೈಯಿಟ್ಟ.

"ಸರ್, ಮೇಡಂ. ಇದು ನನ್ನದು," ಎಂದ. "ಕಾಗದ ಸಿಕ್ಕಿಹಾಕಿಕೊಂಡಾಗ ನಂದಾಗಿತ್ತು. ಇಂಕು ಖಾಲಿಯಾದಾಗ ನಂದಾಗಿತ್ತು. ಮೇಷ್ಟ್ರ ಹತ್ರ ಬೈಸಿಕೊಂಡಿದ್ದೂ ನಾನೇ. ಹೊರಡೋ ಹೊತ್ತಿಗೆ ನಿಮ್ಮದಾಯ್ತಾ? ನಾನು ಮನೆಗೆ ಹೋಗ್ಬೇಕು, ಸಾಹೇಬ್ರೆ. ಹತ್ತು ವರ್ಷದಿಂದ ಹೋಗ್ಬೇಕು ಅಂತಿದೀನಿ."

ಬಿಲ್ ಮುಖ್ಯಸ್ಥರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಮೇಡಂ ಏನೋ ಹೇಳಹೊರಟು, ಅಭ್ಯಾಸಬಲದಿಂದ ಸಂಖ್ಯೆ ಕೊಡುವಂತೆ ಕೈಯೆತ್ತಿ, ಇಳಿಸಿಬಿಟ್ಟರು. ಸಾಹೇಬರು ಸಹಿ ಹಾಕಲು ಸಮತಟ್ಟಾದ ಜಾಗ ಹುಡುಕಿದರು. ಅಲ್ಲಿದ್ದದ್ದು ಪ್ರಿಂಟರಿನ ಮುಚ್ಚಳವೊಂದೇ. ಅದರ ಮೇಲೇ ಪತ್ರವಿಟ್ಟು ಸಹಿ ಹಾಕಿದರು. ಕೆಳಗೆ ಇಳಿಸುವಾಗ ಬಿಲ್ ಮುಖ್ಯಸ್ಥರೇ ಒಂದು ತುದಿಗೆ ಕೈ ಕೊಟ್ಟು, "ಅಬ್ಬ, ಇಷ್ಟು ಭಾರ ಇತ್ತಾ ಇದು," ಎಂದರು.

ಬಸ್ಸಿನಲ್ಲಿ ಅದಕ್ಕೊಂದು ಸೀಟೇ ಬೇಕಾಯಿತು. "ಯಾರ್ದ್ರೀ ಇದು?" ಎಂದು ಕಂಡಕ್ಟರ್ ಗದರಿದ. ಜೀವಮಾನವೆಲ್ಲ ತಾನೇ ಕೇಳುತ್ತ ಬಂದ ಪ್ರಶ್ನೆ. "ನಂದು," ಎಂದು ವಾರಸುದಾರ ಎದೆಯುಬ್ಬಿಸಿ ಹೇಳಿ ಎರಡು ಟಿಕೆಟು ತೆಗೆದುಕೊಂಡ.

ಮನೆ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು. ಬಾಗಿಲು ತೆರೆದ ಹೆಂಡತಿ ಅವನನ್ನು ನೋಡಿದಳು, ಅವನ ತೋಳಿನಲ್ಲಿದ್ದದ್ದನ್ನು ನೋಡಿದಳು. ನಗಬೇಕೋ ಅಳಬೇಕೋ ತಿಳಿಯದ ಮುಖ. "ನಿಜವಾಗ್ಲೂ ಬಂದ್ರಾ?"

"ಬಂದೆ. ಇನ್ನು ಹೋಗಲ್ಲ. ಮೊದ್ಲು ದಾರಿ ಬಿಡು, ಸೊಂಟ ಬಿದ್ದುಹೋಗುತ್ತೆ."

ಒಳಗೆ ಮನೆಯೆಲ್ಲ ಗುಡಿಸಿ ಒರೆಸಿದ ವಾಸನೆ. ಸಾಮಾನುಗಳನ್ನು ಗೋಡೆಯಿಂದ ಈಚೆಗೆ ಎಳೆದು, ಇನ್ನೂ ಸ್ವಸ್ಥಾನಕ್ಕೆ ಸೇರಿಸಿರಲಿಲ್ಲ. ಎದುರಿಗೆ ಕಂಡದ್ದು ಕಿಟಕಿ ಪಕ್ಕದ ಕುರ್ಚಿ. ಅವನು ಪ್ರಿಂಟರನ್ನು ಅದರ ಮೇಲೆ ಇಳಿಸಲು ಬಾಗಿದ.

"ಅಲ್ಲಿಡ್ಬೇಡಿ," ಎಂದಳು ಹೆಂಡತಿ. "ಅದು ಬೇರೆಯವರ ಹೆಸರಲ್ಲಿದೆ."

"ಅಮ್ಮ ನನ್ನ ಸ್ಕೂಲ್ ಬ್ಯಾಗನ್ನೂ ಅದ್ರ ಮೇಲೆ ಇಡೋಕೆ ಬಿಡಲ್ಲ," ಎಂದಳು ಒಳಗಿನಿಂದ ಬಂದ ಮಗಳು.

ಇಷ್ಟು ವರ್ಷ ಗೋಡೆಗೆ ಅಂಟಿಕೊಂಡೇ ಇದ್ದ ಕುರ್ಚಿಯ ಬೆನ್ನು ಈಗ ಅವನ ಕಡೆಗಿತ್ತು. ಅದರ ಮೇಲೆ ಹಳದಿಗಟ್ಟಿದ ಒಂದು ಸ್ಟಿಕ್ಕರ್. ಒಡೆಯ ಎಂಬಲ್ಲಿ ಅವನ ಹೆಸರು. ಮಾಸಿದಾಗಲೆಲ್ಲ ಮೇಲೆ ಮೇಲೆ ತಿದ್ದಿ ಬರೆದು ಅಕ್ಷರಗಳು ದಪ್ಪಗಾಗಿದ್ದವು. ಕೊನೆಯ ಸಲ ತಿದ್ದಿದ್ದು ಉತ್ತರಪತ್ರಿಕೆಗೆ ಅಂಕ ಹಾಕುವ ಕೆಂಪು ಶಾಯಿಯಲ್ಲಿ. ಅವನು ಅಂದು ಖಾಲಿ ಬಿಟ್ಟು ಹೋಗಿದ್ದ ಪಾಲಕರ ಸಾಲಿನಲ್ಲಿ ಅವಳ ಸಹಿ ಇತ್ತು.

ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಪ್ರಿಂಟರ್.

"ಇದನ್ನ ಎಲ್ಲಿಡ್ಲಿ ಹಾಗಾದ್ರೆ?" ಎಂದ.

"ಸದ್ಯಕ್ಕೆ ಚಪ್ಪಲಿ ಪಕ್ಕ ಇಡಿ," ಎಂದಳು. "ನೀವು ಕೂತ್ಕೊಳ್ಳಿ."