ಎರಡನೇ ಒಟ್ಲು

ಸಿಇಟಿ ಆಪ್ಷನ್ ತುಂಬುವ ದಿನಗಳು. ಕೆ.ಆರ್.ಪೇಟೆಯ ನನ್ನ ಸೈಬರ್ ಅಂಗಡಿಗೆ ಶೀಳನೆರೆ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಬೇಕಿದ್ದದ್ದು ಬಿಎಸ್ಸಿ ಅಗ್ರಿ. ಅದಕ್ಕೆ ವಿಪರೀತ ಪೈಪೋಟಿ. ಅದನ್ನು ಮೊದಲು ಹಾಕಿ, "ಎರಡನೇದು ಹೇಳಿ" ಅಂದೆ.

"ಎರಡನೇದು ಯಾಕೆ?" ಅಪ್ಪ ಗರಂ ಆದರು. "ಎಣ್ಣು ಕೇಳಕ್ಕೋದ ಮನೇಲಿ, ನೀವಿಲ್ದಿದ್ರೆ ಇನ್ನೂ ಹತ್ತು ಮನೆ ಅವೆ ಅಂದ್ರೆ ಎಣ್ಣು ಕೊಟ್ಟಾರಾ? ಒಂದೇ ಸಾಕು."

ಕಂಪ್ಯೂಟರ್ ಮುನಿಸಿಕೊಳ್ಳಲ್ಲ, ಮೇಲಿನದು ಸಿಗದಿದ್ದರೆ ಮಾತ್ರ ಕೆಳಗಿನದನ್ನು ನೋಡುತ್ತದೆ, ಒಂದನ್ನೇ ನಂಬಿ ಕೂತರೆ ಮಗಳ ವರ್ಷವೇ ಹಾಳು ಅಂತ ಅರ್ಧ ಗಂಟೆ ಹೇಳಿದೆ. ಜಗ್ಗಲಿಲ್ಲ. ಹಿಂದೆ ಕ್ಯೂ ಬೆಳೆಯುತ್ತಿತ್ತು, ನನಗೂ ರೇಗುತ್ತಿತ್ತು.

ಕೊನೆಗೆ ಮಗಳೇ ಬಾಯಿಬಿಟ್ಟಳು. "ಅಪ್ಪಾ, ನಾಟಿಗೆ ಭತ್ತದ ಪೈರು ಬೆಳೆಸಕ್ಕೆ ನೀನು ಪ್ರತಿ ವರ್ಷ ಎರಡು ಪಾತಿ ಒಟ್ಲು ಹಾಕಲ್ವಾ, ಒಂದು ಕೈಕೊಟ್ರೆ ಇನ್ನೊಂದಿರ್ಲಿ ಅಂತ? ಇದೂ ಅಂಗೇಯ."

"ಅಂಗಂತ ಮೊದ್ಲೇ ಯೋಳ್ಬಾರ್ದಾ!" ಅಂದವರೇ ಕುರ್ಚಿ ಎಳೆದುಕೊಂಡು ಕೂತರು. ಪಶುವೈದ್ಯ, ತೋಟಗಾರಿಕೆ, ಮೀನುಗಾರಿಕೆ ಅಂತ ನಲವತ್ತು ಆಪ್ಷನ್ ತುಂಬಿಸಿಯೇ ಎದ್ದರು.

ಸೀಟು ಹಂಚಿಕೆಯಾದ ದಿನ ಇಬ್ಬರೂ ಮೈಸೂರು ಪಾಕ್ ಹಿಡಿದು ಬಂದರು. ಮೊದಲನೇದೇ ಸಿಕ್ಕಿತ್ತು! ಹುಡುಗಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನನ್ನ ಬಾಯಿಗೂ ಒಂದು ದೊಡ್ಡ ತುಂಡು ತುರುಕಿದಳು.

ಅಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸಾ, ಮಿಕ್ಕಿದ ಪೈರ್ನ ನಾವು ಪಕ್ಕದ ಗದ್ದೆಯೋರ್ಗೆ ಸುಮ್ನೆ ಕೊಟ್ಬುಡ್ತೀವಿ. ಉಳಿದ ಮೂವತ್ತೊಂಬತ್ತು ಸೀಟ್ನ ನಮ್ ಪಕ್ಕದ್ಮನೆ ಹುಡ್ಗಿ ಎಸರ್ಗೆ ಬರ್ದ್ಬುಡಿ."

ಸದ್ಯ, ಬಾಯಿ ತುಂಬಾ ಮೈಸೂರು ಪಾಕ್ ಇತ್ತು.